ಒಂಬತ್ತು ಬೆಂಚು

ಅಡುಗೆಮನೆಯ ಮೇಜಿನ ಮೇಲೆ ಮೂರು ಕಾಗದ:
ರೈಲಿನದೊಂದು, ಕಡಲಿನದೊಂದು,
ಆಸ್ಪತ್ರೆಯದೊಂದು.
ಮೂರೂ ಒಪ್ಪುವ ಒಂದು ದಿನಕ್ಕಾಗಿ
ಬೆಳಗಿನಿಂದ ಕನ್ನಡಕ ಒರೆಸಿ ಒರೆಸಿ ಹುಡುಕುತ್ತಿದ್ದೇನೆ.

ಮಂಗಳವಾರ, ಗುರುವಾರ, ಶನಿವಾರ
ನನ್ನ ಅಕ್ಕ ಓದೀಲಳ ರಕ್ತ
ಮೈಯಿಂದ ಹೊರಟು, ಯಂತ್ರದಲ್ಲಿ ತೊಳೆಸಿಕೊಂಡು,
ನಾಲ್ಕು ತಾಸಿನ ಮೇಲೆ ಮನೆ ಸೇರುತ್ತದೆ.
'ನನಗಿಂತ ಅದೇ ಹೆಚ್ಚು ತಿರುಗಾಡುತ್ತದೆ' ಅನ್ನುತ್ತಾಳೆ.

ಉಳಿಯುವುದು ಭಾನುವಾರ.
ಅದರಲ್ಲೂ ನಡುಹಗಲಿಗೆ ಉಬ್ಬರವಿರುವ ಭಾನುವಾರ.
ನೀರು ಇಳಿದರೆ ಲ ತ್ರೆಪೋರಿನಲ್ಲಿ ಬರೀ ಗುಂಡುಕಲ್ಲು,
ಅದರ ಮೇಲೆ ಅವಳು ನಾಲ್ಕು ಹೆಜ್ಜೆ ಇಡಲಾರಳು.
ಕಡಲೇ ಎದ್ದು ಅವಳ ಬಳಿಗೆ ಬರಬೇಕು.
ಅಂಥದ್ದು ಸೆಪ್ಟೆಂಬರಿನಲ್ಲಿ ಒಂದೇ ಒಂದು.
ಅದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ,
ಪೆನ್ನಿನಲ್ಲಿ ಹಾಕಲು ಧೈರ್ಯ ಬರಲಿಲ್ಲ.

ಅಮಿಯೆನಿನಿಂದ ಬೆಳಗಿನ ರೈಲು, ಅಬ್ಬೆವೀಲಿನಲ್ಲಿ ಇಳಿದು ಹತ್ತಲು
ಆರು ನಿಮಿಷ. ಅವಳ ಮೊಣಕಾಲಿಗೆ ಸಾಲದು.
ಹಾಗಾಗಿ ಮಾಳಿಗೆಯ ಗೋತಿಯೆಯ ಕಾರು ಕೇಳಿದೆ.
'ಒಯ್ಯಿರಿ, ಆದರೆ ಬೇಟೆಯ ಕಾಲ,
ಹಿಂದಿನ ಸೀಟಲ್ಲಿ ನಾಯಿಯ ವಾಸನೆ,
ಬಾತಿನ ಪುಕ್ಕ ಸಿಕ್ಕರೆ ಬೈಯಬೇಡಿ.'

ಒಂದು ಮಾತು. ಅವಳಿಗೆ ಹೇಳಿಲ್ಲ.
ಹೋದ ಬುಧವಾರ ಹಲ್ಲಿನ ಡಾಕ್ಟರೆಂದು ಸುಳ್ಳು ಹೇಳಿ
ಅಲ್ಲಿಗೆ ಒಬ್ಬನೇ ಹೋಗಿಬಂದೆ. ಬೆಂಚು ಎಣಿಸಲು.
ಕಾರು ನಿಲ್ಲಿಸುವಲ್ಲಿಂದ ಕಟ್ಟೆಯ ಅಂಚಿನ ತನಕ ಹನ್ನೊಂದು:
ಒಂದರ ಹಲಗೆ ಮುರಿದಿದೆ,
ಇನ್ನೊಂದರಲ್ಲಿ ಒಬ್ಬ ಮುದುಕ ಕಡಲಹಕ್ಕಿಗಳಿಗೆ
ಏನನ್ನೋ ಓದಿ ಹೇಳುತ್ತಾನೆ, ಏಳುವ ಲಕ್ಷಣವಿಲ್ಲ.
ಲೆಕ್ಕಕ್ಕೆ ಒಂಬತ್ತು.
ಬಂಡೆಯ ಮೇಲಕ್ಕೆ ಒಯ್ಯುವ ಗಾಜಿನ ಪೆಟ್ಟಿಗೆಯ ಬಾಗಿಲು
ಅವಳ ಕೋಲಿಗೆ ಸಾಕೇ ಎಂದು ಗೇಣಿನಲ್ಲಿ ಅಳೆದೆ.
ಅಷ್ಟು ಹೊತ್ತೂ ಕಡಲಿಗೆ ಬೆನ್ನು ಮಾಡಿಯೇ ಇದ್ದೆ.
ಅವಳಿಗಿಂತ ಮುಂಚೆ ನೋಡುವುದು
ಎಂಜಲು ಮಾಡಿದಂತೆ ಅನಿಸಿತು.
ಸದ್ದು ಮಾತ್ರ ಕಿವಿಗೆ ಬಿತ್ತು. ಅದಕ್ಕೇನು ಮಾಡಲಿ?

ಬುತ್ತಿಯ ಮಾತು ಬಂದರೆ ತಲೆ ಕೆಡುತ್ತದೆ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಎರಡೂ ಕೂಡದವರು?
ದಿನಕ್ಕೆ ಅರ್ಧ ಲೀಟರು, ಕಾಫಿ, ಸೂಪು,
ಮಾತ್ರೆ ನುಂಗುವ ಗುಟುಕೂ ಸೇರಿ.
ಚಿಪ್ಪಿನ ಮೀನು ಬೇಡ, ಕರಿದ ಆಲೂಗಡ್ಡೆ ಬೇಡ,
ಬಾಳೆಹಣ್ಣು ಕೂಡ ಬೇಡ.
ಸಪ್ಪೆ ಕೋಳಿ, ಬಿಳಿ ಬ್ರೆಡ್ಡು, ಸಿಪ್ಪೆ ಹೆರೆದ ಒಂದು ಸೇಬು.
ಫ್ಲಾಸ್ಕಿನಲ್ಲಿ ನಿಂಬೆ ಹಿಂಡಿದ ಐಸು, ಒಂಬತ್ತು ತುಂಡು,
ಬೆಂಚಿಗೊಂದರಂತೆ.

ರಾತ್ರಿ ಪಾತ್ರೆ ಒರೆಸುತ್ತ ಕೇಳಿಬಿಟ್ಟೆ:
'ಅಷ್ಟು ನೀರಿನ ಎದುರು
ಇಷ್ಟು ಬಾಯಾರಿಕೆ ಇಟ್ಟುಕೊಂಡು ಹೇಗೆ ಕೂರುತ್ತೀಯೆ?'

ಅವಳು ತಲೆ ಎತ್ತಲಿಲ್ಲ, ಕಾಲುಚೀಲ ಹೊಲಿಯುತ್ತಿದ್ದಳು.
'ಎಲ್ವಾ, ಆ ನೀರು ಯಾರು ಕುಡಿಯುತ್ತಾರೆ ಹೇಳು.
ಅಲ್ಲಿ ಎಲ್ಲರೂ ನನ್ನ ಹಾಗೆಯೇ.'

ಆಮೇಲೆ ದಾರ ಕಚ್ಚಿ ತುಂಡು ಮಾಡಿ,
ಗಾಳಿಗೆ ತುಟಿ ಮೇಲೆ ಕೂರುವ ಉಪ್ಪು
ಡಾಕ್ಟರ ಪಟ್ಟಿಯಲ್ಲಿಲ್ಲ ಎಂದಳು. ನೋಡಿದ್ದಾಳಂತೆ.
ಹನ್ನೊಂದನೇ ವಯಸ್ಸಿನಲ್ಲಿ ಅಲ್ಲಿ ಕಳೆದುಕೊಂಡ
ಎಡಗಾಲಿನ ಚಪ್ಪಲಿ ಸಿಕ್ಕರೆ ತರೋಣ ಎಂದೂ ಅಂದಳು,
ನಕ್ಕಳೋ ಇಲ್ಲವೋ, ದೀಪದ ನೆರಳಲ್ಲಿ ಕಾಣಲಿಲ್ಲ.

'ಮಳೆ ಬಂದರೆ?'
'ಕಾರಲ್ಲೇ ಕೂತು ನೋಡೋಣ.
ಅವನ ವೈಪರು ಕೆಲಸ ಮಾಡುತ್ತದಾ, ಕೇಳು.'

ಗಂಟೆ ಹತ್ತಾಗಿದೆ. ಗೋತಿಯೆ ಮಲಗಿರುತ್ತಾನೆ.
ಮೆಟ್ಟಿಲು ಹತ್ತುತ್ತಿದ್ದೇನೆ,
ಕೇಳಲು.